ಗೆರೆಯ ಮೇಲೆ ಗೆರೆ

ಎರಡನೆಯ ಆಯ್ಕೆಯಾಗಿ ಕರೆಸಿಕೊಂಡವರು ಹೇಳಿದ ಹೊತ್ತಿಗಿಂತ ಮುಂಚೆ ಬರಬೇಕು, ಬಂದಮೇಲೆ ಬೇಕಾದದ್ದಕ್ಕಿಂತ ಹೆಚ್ಚು ನಗಬೇಕು. ಅಕ್ಕ ಒಂಬತ್ತಕ್ಕೆ ಬಾ ಎಂದಿದ್ದಳು. ಅವಳು ಎಂಟಕ್ಕೇ ಬಂದು, ಮೂರನೆಯ ಮಹಡಿಯ ಮೆಟ್ಟಿಲ ತಿರುವಿನಲ್ಲಿ ನಿಂತು ಉಸಿರನ್ನು ಹದಕ್ಕೆ ತಂದುಕೊಳ್ಳುತ್ತ, ಬಾಗಿಲು ತೆರೆದಾಗ ಮುಖದ ಮೇಲೆ ಇರಬೇಕಾದ ನಗುವನ್ನು ಒಮ್ಮೆ ಹಾಕಿ ತೆಗೆದು ನೋಡಿದಳು. ಬಗಲಲ್ಲಿ ಟಿಫಿನ್ ಡಬ್ಬಿ, ಅದರೊಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಏಳು ಮದರಂಗಿ ಕೋನುಗಳು. ಮೊದಲನೆಯ ಆಯ್ಕೆ, ಅಂದರೆ ಮಗಳ ಮದುವೆಗೆಂದು ಅಕ್ಕ ಮೂರು ತಿಂಗಳ ಹಿಂದೆಯೇ ಗೊತ್ತುಮಾಡಿದ್ದ, ಮೊಬೈಲಿನಲ್ಲಿ ಸಾವಿರಾರು ಜನ ಮೆಚ್ಚುವ ಮದರಂಗಿಯ ಹುಡುಗಿ, ಮೊನ್ನೆ ಕಾರಿನ ಬಾಗಿಲಿಗೆ ಹೆಬ್ಬೆರಳು ಸಿಕ್ಕಿಸಿಕೊಂಡಿದ್ದಳು. ನಿನ್ನೆ ಮಧ್ಯಾಹ್ನ ಫೋನಿನಲ್ಲಿ ಅಕ್ಕ ಇದನ್ನು ಹೇಳಿದಾಗ ಅವಳ ಬಾಯಿಂದ ಹೊರಟ ಮೊದಲ ಮಾತು 'ಅಯ್ಯೋ ಪಾಪ' ಎಂದಲ್ಲ, 'ಬಲಗೈದಾ?' ಎಂದು. ಅದನ್ನು ಕೇಳಿದ ತನ್ನ ದನಿಯಲ್ಲಿದ್ದ ಉತ್ಸಾಹ ಈಗಲೂ ಅವಳ ಕಿವಿಯಲ್ಲಿತ್ತು. ಆ ಹುಡುಗಿಯ ಬೆರಳಿಗೆ ಪೆಟ್ಟಾದದ್ದು ಮೊನ್ನೆ ಬೆಳಿಗ್ಗೆ, ಅಕ್ಕ ತನಗೆ ಫೋನು ಮಾಡಿದ್ದು ನಿನ್ನೆ ಮಧ್ಯಾಹ್ನ. ನಡುವಿನ ಒಂದು ದಿನ ಪೂರ್ತಿ ಅಕ್ಕ ಎಷ್ಟು ಜನರಿಗೆ ಫೋನು ಮಾಡಿರಬಹುದು? ಹಾಗಾದರೆ ತಾನು ಎರಡನೆಯವಳೂ ಅಲ್ಲ, ಐದನೆಯವಳೋ ಆರನೆಯವಳೋ.

"ಬಂದ್ಯಾ? ಚಪ್ಪಲಿ ಆಚೆ ಬಿಡು, ಜಮಖಾನ ನೆನ್ನೆ ತಾನೇ ತೊಳ್ಸಿದ್ದು," ಎಂದಳು ಅಕ್ಕ, ಬಾಗಿಲಲ್ಲೇ. ಹಾಕಿಕೊಂಡು ಬಂದಿದ್ದ ನಗು ಚಪ್ಪಲಿಯ ಜೊತೆಗೇ ಹೊರಗೆ ಉಳಿಯಿತು. "ಆ ಹುಡುಗೀನೇ ಬೇಕು ಅಂತ ಪುಟ್ಟೀದೇ ಹಟ. ನಾನು ಮೊದ್ಲಿಂದ್ಲೂ ಬಡ್ಕೋತಾ ಇದ್ದೆ, ಮನೇಲೇ ಕೈಗುಣ ಇರೋಳು ಒಬ್ಳು ಇದಾಳಲ್ಲೇ, ಹೊರಗಿನೋರು ಯಾಕೆ ಅಂತ."

"ಹೌದಲ್ವಾ," ಎಂದಳು ಅವಳು. ಸುಳ್ಳನ್ನು ಇಬ್ಬರೂ ಸೇರಿ ಎತ್ತಿ ಒಂದು ಕಡೆ ಇಟ್ಟಂತಾಯಿತು, ಭಾರದ ಬೀರುವನ್ನು ಇಡುವಂತೆ.

"ಒಂದೇ ಮಾತು ಹೇಳ್ತೀನಿ ಕೇಳು. ಬಣ್ಣ ಕಪ್ಪಗೆ ಏರ್ಬೇಕು. ಬೀಗಿತ್ತಿ ನಾಳೆ ಮೊದಲು ನೋಡೋದೇ ಅಂಗೈನ. ದೊಡ್ಡ ಸೊಸೆ ಕೈ ಸಪ್ಪಗಿತ್ತು ಅಂತ ಆರು ವರ್ಷ ಆದ್ರೂ ಇನ್ನೂ ಹೇಳ್ಕೊಂಡು ತಿರುಗ್ತಾರೆ ಆ ಮಹಾತಾಯಿ. ಸೊಸೆ ಎದುರಿಗೇ, ಬಂದೋರ ಹತ್ರ. ಕೈ ಸಪ್ಪೆ ಇದ್ದೋಳ ಮನಸ್ಸೂ ಸಪ್ಪೆ ಅಂತೆ."

ನಾಳೆ ಬೆಳಿಗ್ಗೆ ಹತ್ತಕ್ಕೆ ಮದುವೆ. ಅಂದರೆ ಇಪ್ಪತ್ತಾರು ಗಂಟೆ. ಈ ಲೆಕ್ಕವನ್ನು ಅವಳು ನಿನ್ನೆಯಿಂದ ಹತ್ತು ಸಲ ಮಾಡಿದ್ದಳು. ಸೊಪ್ಪಿನ ಮದರಂಗಿಗೆ ಯಾರ ಮದುವೆಯ ಅವಸರವೂ ತಿಳಿಯದು. ಅದು ಆರು ಗಂಟೆ ಕೈಮೇಲೆ ಕೂತು, ಉದುರಿದಾಗ ಕಿತ್ತಳೆಯ ಬಣ್ಣ ಬಿಟ್ಟು ಹೋಗುತ್ತದೆ. ಆಮೇಲೆ ನಿಧಾನವಾಗಿ, ಹಳೆಯ ಸಿಟ್ಟು ಏರುವ ಹಾಗೆ, ಇಟ್ಟಿಗೆಯಾಗಿ, ಕಂದಾಗಿ, ಎರಡು ದಿನ ಕಳೆದಮೇಲೆ ತನ್ನ ನಿಜಬಣ್ಣಕ್ಕೆ ಬರುತ್ತದೆ. ಅದಕ್ಕೇ ತಿಳಿದವರು ಎರಡು ದಿನ ಮುಂಚೆ ಹಚ್ಚಿಸಿಕೊಳ್ಳುತ್ತಾರೆ. ಮುನ್ನಾದಿನ ಹಚ್ಚಿ ಮರುದಿನ ಕಪ್ಪು ಕಾಣಿಸಬೇಕೆಂದರೆ ಇರುವುದು ಒಂದೇ ದಾರಿ. ಆ ದಾರಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದೇ ಅವಳ ಕೈಗುಣ.

ಮದುಮಗಳು ಪುಟ್ಟಿ ಕಿಟಕಿಯ ಪಕ್ಕದ ಮಂಚದಲ್ಲಿ ಅಂಗಿಯ ತೋಳು ಮೊಣಕೈವರೆಗೆ ಮಡಿಸಿ ಕೂತಿದ್ದಳು. ಇಪ್ಪತ್ತಾರು ವರ್ಷದ, ಕಣ್ಣಾಸ್ಪತ್ರೆಯಲ್ಲಿ ದೃಷ್ಟಿ ಪರೀಕ್ಷೆ ಮಾಡುವ ಹುಡುಗಿ. ದಿನವಿಡೀ ಜನರಿಗೆ ಅಕ್ಷರ ತೋರಿಸಿ 'ಇದು ಚೆನ್ನಾಗಿ ಕಾಣ್ತಾ, ಅದು ಚೆನ್ನಾಗಿ ಕಾಣ್ತಾ' ಎಂದು ಕೇಳುವ ಕೆಲಸ. ಅವಳ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು, ಒಣಬಟ್ಟೆಯಿಂದ ಒರೆಸಿ, ಮಣಿಕಟ್ಟನ್ನು ಬೆಳಕಿಗೆ ತಿರುಗಿಸಿದಾಗ ಬಿಳಿಚಿದ ಒಂದು ಉಂಗುರ ಕಾಣಿಸಿತು. ಏಳನೆಯ ವಯಸ್ಸಿನಲ್ಲಿ ಕಟ್ಟಿಕೊಂಡಿದ್ದ ಅಗ್ಗದ ಗಡಿಯಾರದ ಪಟ್ಟಿ ಸುಟ್ಟದ್ದು. ಒಂದು ತಿಂಗಳು ಬೊಬ್ಬೆ, ಕೀವು, ರಾತ್ರಿಯೆಲ್ಲ ಅಳು. ಆಗ ಎತ್ತಿಕೊಂಡು ಓಡಾಡಿದವಳು ತಾನೇ. ಅಕ್ಕನಿಗೆ ಆ ವರ್ಷ ಬಡ್ತಿಯ ಪರೀಕ್ಷೆ. ಈ ಚರ್ಮಕ್ಕೆ ಆ ದಾರಿ, ಬಣ್ಣ ಏರಿಸುವ ಆ ಕಪ್ಪು ಪುಡಿ, ಬೇಡ ಎಂದು ನಿನ್ನೆ ಫೋನು ಇಟ್ಟ ಕೂಡಲೇ ಅವಳು ತೀರ್ಮಾನಿಸಿದ್ದಳು. ತೀರ್ಮಾನಿಸಿ, ಸೊಪ್ಪಿನ ಪುಡಿಯನ್ನು ತೆಳುಬಟ್ಟೆಯಲ್ಲಿ ಮೂರು ಸಲ ಸೋಸಿ, ನಿಂಬೆರಸ, ಸಕ್ಕರೆ, ನೀಲಗಿರಿ ಎಣ್ಣೆ ಹಾಕಿ ಕಲಸಿ, ಮೇಲ್ಪದರ ಕಂದುವವರೆಗೆ ಕಾದು, ಕೋನು ಕಟ್ಟಿದ್ದಳು. ಹದಿನೈದು ವರ್ಷದಲ್ಲಿ ಇಷ್ಟು ಚೊಕ್ಕವಾಗಿ ಕಲಸಿದ್ದು ಮೊದಲ ವರ್ಷ ಬಿಟ್ಟರೆ ಇದೇ. ಆದರೆ ಮನೆಯಿಂದ ಹೊರಡುವಾಗ ಚೀಲದ ಒಳಜೇಬಿನಲ್ಲಿ ಕಪ್ಪು ಪುಡಿಯ ಪೊಟ್ಟಣ ಇದ್ದದ್ದನ್ನು ಕೈಯಲ್ಲಿ ಮುಟ್ಟಿ ನೋಡಿದ್ದಳು, ತೆಗೆದಿಟ್ಟಿರಲಿಲ್ಲ. ಮರೆತೆ ಎಂದು ಹೇಳಿಕೊಳ್ಳಲು ಅದನ್ನು ಮುಟ್ಟಿ ನೋಡದೆ ಇದ್ದಿದ್ದರೆ ಒಳ್ಳೆಯದಿತ್ತು.

ಮೊದಲ ಗೆರೆಯನ್ನು ಅವಳು ಕಿರುಬೆರಳ ತುದಿಯಿಂದ ಎಳೆದಳು. ಕೋನು ಚರ್ಮವನ್ನು ಮುಟ್ಟಬಾರದು. ಕೂದಲೆಳೆಯಷ್ಟು ಮೇಲಿರಬೇಕು, ದಾರ ಬೀಳುವ ಹಾಗೆ ಗೆರೆ ಬೀಳಬೇಕು. ಅವಳು ಶಾಲೆಯಲ್ಲಿ ಚಿತ್ರದ ಟೀಚರಾಗಿದ್ದಾಗ ಹಲಗೆಯ ಮೇಲೆ ಬರಿಗೈಯಲ್ಲಿ ವೃತ್ತ ಬರೆದರೆ ಗಣಿತದ ಮೇಷ್ಟ್ರು ತಮ್ಮ ಕಂಪಾಸು ತಂದು ಅಳೆದು ಮುಖ ಸಪ್ಪಗೆ ಮಾಡಿಕೊಂಡು ಹೋಗುತ್ತಿದ್ದರು. ಆಮೇಲೆ ಚಿತ್ರ ಕಲಿತು ಮಕ್ಕಳು ಮಾಡುವುದೇನು ಎಂದು ಯಾರಿಗೋ ಅನ್ನಿಸಿ ಆ ಹುದ್ದೆಯೇ ಹೋಯಿತು, ವೃತ್ತ ಬಂದು ಹೆಂಗಸರ ಅಂಗೈಯಲ್ಲಿ ಕೂತಿತು. ಮೊದಲ ವರ್ಷ ಎಲ್ಲರೂ ಗೆರೆಯನ್ನು ಹೊಗಳಿ ಬಣ್ಣವನ್ನು ತೆಗಳಿದರು. 'ಡಿಸೈನೇನೋ ಚೆನ್ನಾಗಿದೆ, ಆದ್ರೆ ಏರಿಲ್ವಲ್ರೀ.' ಎರಡು ದಿನ ತಡೀರಿ ಎಂದರೆ, ಮದುವೆ ಮುಗಿದಮೇಲೆ ಏರಿ ಯಾರಿಗೆ ತೋರ್ಸೋದು ಎಂಬ ನಗು. ಗೆರೆ ನೋಡಲು ಕಣ್ಣು ಬೇಕು. ಕಪ್ಪು ನೋಡಲು ಏನೂ ಬೇಡ. ಅಂಗಡಿಯವನೊಬ್ಬ, ಕೂದಲಿಗೆ ಹಚ್ಚುವ ಕಪ್ಪು ಪುಡಿಯನ್ನು ತೋರಿಸಿ, 'ಒಂದು ಚಮಚ ಬೆರೆಸಿ ಮೇಡಂ, ಒಂದು ಗಂಟೇಲಿ ಕಾಗೆ ಥರ ಆಗುತ್ತೆ' ಎಂದ. ಆಯಿತು. ಆ ಒಂದು ಚಮಚದಿಂದ ಅವಳಿಗೆ ಕೈಗುಣ ಬಂತು.

"ಚಿಕ್ಕೀ, ಈ ಸಲ ವಾಸನೆ ಬೇರೆ ಥರ ಇದೆ," ಎಂದಳು ಪುಟ್ಟಿ, ಮೂಗು ಅರಳಿಸಿ. "ನನ್ನ ಫ್ರೆಂಡ್‌ಗೆ ಹಾಕಿದ್ದಾಗ ಪೆಟ್ರೋಲ್ ಬಂಕಲ್ಲಿ ಕೂತ ಹಾಗಿತ್ತು. ಇದು ಪರಿಮಳ."

"ಈ ಸಲ ಸೊಪ್ಪು ಒಳ್ಳೇದು ಸಿಕ್ತು."

"ನಮ್ಮ ಕಾಲದಲ್ಲಿ ಹಿತ್ತಲಿನ ಸೊಪ್ಪನ್ನೇ ಅರೆದು ಮೆತ್ತೋರು," ಎಂದರು ಮೂಲೆಯ ಕುರ್ಚಿಯಿಂದ ಅಕ್ಕನ ಅತ್ತೆ. ಅವರಿಗೆ ಕಿವಿ ಕೇಳಿಸದು ಎಂಬುದು ಮನೆಯ ನಂಬಿಕೆ. ತಮಗೆ ಬೇಕಾದದ್ದು ಅಡಿಗೆಮನೆಯಲ್ಲಿ ಪಿಸುಗುಟ್ಟಿದರೂ ಕೇಳಿಸುತ್ತಿತ್ತು. "ನನ್ನ ಕೈ ಇದ್ದಿಲಿನ ಹಾಗೆ ಏರಿತ್ತು. ಅತ್ತೆ ಪ್ರೀತಿ ಅಷ್ಟೂ ನಿಂಗೇ ಅಂತ ಎಲ್ಲರೂ ಅಂದ್ರು. ಆಯಮ್ಮ ಹದಿನೆಂಟು ವರ್ಷ ನನ್ನ ಜೊತೆ ಮಾತೇ ಆಡ್ಲಿಲ್ಲ."

"ಪ್ರೀತಿ ಜಾಸ್ತಿಯಾಗಿ ಮಾತು ಹೊರಡ್ಲಿಲ್ವೇನೋ ಅಜ್ಜಿ," ಎಂದಳು ಪುಟ್ಟಿ.

"ನಿಮ್ಮಮ್ಮನ ಕೈಯೂ ಕಪ್ಪಗೇ ಇತ್ತು," ಎಂದು ಮುದುಕಿ ಗೋಡೆಗೆ ಹೇಳಿದರು. ಅಷ್ಟಕ್ಕೇ ನಿಲ್ಲಿಸಿದರು.

ಅವಳು ನಗಬೇಕಾದ ಜಾಗ ಇದು. ನಕ್ಕಳೂ ಕೂಡ. ಆದರೆ ಪುಟ್ಟಿಯ ಅಂಗೈ ನಗುವಿನಿಂದ ಅಲುಗಿದ ಆ ಕ್ಷಣ ಅದು ಪುಟ್ಟಿಯದಾಗಿರದೆ ಅಂಚೆಯವನ ಮಗಳದಾಗಿತ್ತು. ಅವಳಿಗೆ ಪುಡಿ ಬೆರೆಸಿದ ಮದರಂಗಿ ಹಾಕಿ ಎರಡು ವರ್ಷವಾಯಿತು. ಆ ಹುಡುಗಿಯೂ ಹೀಗೇ ನಗುತ್ತಿದ್ದಳು, ಬೆರಳು ಚಿಕ್ಕವು, ಗೆರೆಗೆ ಜಾಗ ಸಾಲದೆ ಹೂವನ್ನು ಮೊಗ್ಗು ಮಾಡಬೇಕಾಗಿತ್ತು. ಮದುವೆಯ ದಿನ ಅವಳು ಕೈಗೆ ಕರವಸ್ತ್ರ ಸುತ್ತಿಕೊಂಡು ಕೂತಿದ್ದಳಂತೆ. ಗೆರೆ ಇದ್ದಲ್ಲೆಲ್ಲ ಬೊಬ್ಬೆ, ಹೂವಿಗೆ ಹೂವಿನ ಆಕಾರದ ಬೊಬ್ಬೆ, ಬಳ್ಳಿಗೆ ಬಳ್ಳಿಯ ಆಕಾರದ್ದು. ನಾಲ್ಕನೆಯ ದಿನ ಅವಳ ತಾಯಿ ಬಂದು ಬಾಗಿಲಲ್ಲಿ ನಿಂತಿದ್ದರು. ಜಗಳಕ್ಕಲ್ಲ, ಕೇಳಲು. 'ಏನಾಗಿರ್ಬಹುದು ಟೀಚರ್?' ಟೀಚರ್ ಎಂದಿದ್ದರು. ಅವಳು ಆಗ, ಯೋಚಿಸುವ ಮುಂಚೆಯೇ, ಹೇಳಿಬಿಟ್ಟಿದ್ದಳು: 'ತೊಳೆಯೋಕೆ ಯಾವ ಸಾಬೂನು ಹಾಕಿದ್ರಿ?' ಆ ಹೆಂಗಸು, ಬಟ್ಟೆ ಸಾಬೂನು, ನಾನೇ ಕೊಟ್ಟಿದ್ದು, ಎಂದು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತರು. ಮಗಳ ಕೈ ನಾನೇ ಸುಟ್ಟೆ ಎಂದು ಅತ್ತರು. ಅವಳು ಒಳಗಿಂದ ನೀರು ತಂದು ಕೊಟ್ಟಳು. ನೀರನ್ನು ತಂದುಕೊಟ್ಟಳು! ಹದಿನೈದು ದಿನದ ಮೇಲೆ ಅಂಚೆಯವನು ಒಂದು ಗೋಡೆ ಗಡಿಯಾರ ತಂದುಕೊಟ್ಟು, 'ನೀವು ಹೇಳದೇ ಇದ್ರೆ ನಮ್ಗೆ ಗೊತ್ತೇ ಆಗ್ತಿರ್ಲಿಲ್ಲ' ಎಂದು ಕೈಮುಗಿದು ಹೋದ. ಗಡಿಯಾರ ಒಳ್ಳೆಯದು, ನಿಮಿಷವೂ ತಪ್ಪುವುದಿಲ್ಲ. ಆಮೇಲೆ ಅವಳು ಪುಡಿಯನ್ನು ಬಿಡಲಿಲ್ಲ. ಒಂದು ಚಮಚವನ್ನು ಅರ್ಧ ಚಮಚಕ್ಕೆ ಇಳಿಸಿದಳು. ಆತ್ಮಸಾಕ್ಷಿಗೆ ಅಷ್ಟು ಸಾಕಾಗುತ್ತದೆ ಎಂದು ಗೊತ್ತಾದದ್ದೇ ಅವಳಿಗೆ ಆಶ್ಚರ್ಯ.

ಹನ್ನೊಂದಕ್ಕೆ ಎರಡೂ ಕೈ ಮುಗಿಯಿತು. ಆಮೇಲೆ ಕಾಯುವ ಕೆಲಸ. ಹತ್ತಿಯಲ್ಲಿ ನಿಂಬೆ ಸಕ್ಕರೆಯ ನೀರನ್ನು ಅದ್ದಿ ಒಣಗಿದ ಗೆರೆಗಳ ಮೇಲೆ ಒತ್ತುತ್ತ, ಕಾವಲಿಯ ಮೇಲೆ ಲವಂಗ ಹುರಿದು ಅದರ ಹೊಗೆಗೆ ಕೈ ಹಿಡಿಸುತ್ತ, ಫ್ಯಾನು ಆರಿಸಿ ಕಿಟಕಿ ಮುಚ್ಚಿ ಕೋಣೆಯನ್ನು ಬೆಚ್ಚಗೆ ಮಾಡುತ್ತ, ತನಗೆ ಗೊತ್ತಿದ್ದ ಎಲ್ಲ ನಿಜವಾದ ಉಪಾಯಗಳನ್ನೂ ಅವಳು ಒಂದೊಂದಾಗಿ ಮಾಡಿದಳು. ಮಧ್ಯಾಹ್ನ ಪುಟ್ಟಿಗೆ ತಾನೇ ತುತ್ತು ಮಾಡಿ ಉಣಿಸಿದಳು. ಆ ಹುಡುಗಿ ಎರಡೂ ಕೈಗಳನ್ನು ಮೇಲೆತ್ತಿ, ಯಾರೋ ಬಂದೂಕು ತೋರಿಸಿದ ಹಾಗೆ ಕೂತು, ಬಾಯಿ ತೆರೆಯುತ್ತಿದ್ದಳು. "ಚಿಕ್ಕಿ, ನಾಳೆಯಿಂದ ನನಗೆ ಯಾರು ಉಣ್ಸ್ತಾರೆ?" ಎಂದಳು ತಮಾಷೆಗೆ; ಮರುಕ್ಷಣವೇ, ಒರೆಸಿಕೊಳ್ಳಲು ಕೈಯಿಲ್ಲದೆ, ತುಂಬಿದ ಕಣ್ಣನ್ನು ಚಿಕ್ಕಮ್ಮನ ಭುಜಕ್ಕೆ ಉಜ್ಜಿದಳು. ಆ ಒದ್ದೆ ರವಿಕೆಯ ಮೇಲೆ ಆರುವವರೆಗೂ ಅವಳು ಒಳ್ಳೆಯವಳಾಗಿದ್ದಳು. ಎಷ್ಟು ಸುಲಭ ಎನ್ನಿಸಿತು. ಒಂದು ಪುಡಿ ಹಾಕದಿದ್ದರೆ ಸಾಕು, ಮನುಷ್ಯ ಒಳ್ಳೆಯವನಾಗಿಬಿಡುತ್ತಾನೆ.

ನಾಲ್ಕೂವರೆಗೆ ಚಾಕುವಿನ ಬೆನ್ನಿನಿಂದ ಒಣಗಿದ್ದನ್ನು ಕೆರೆದು ಉದುರಿಸಿದಳು. ಕೆಳಗೆ ಹಾಸಿದ ಪೇಪರಿನ ಮೇಲೆ ಹಸಿರು ಹೊಟ್ಟು. ಕೈಮೇಲೆ ಕಿತ್ತಳೆ. ಒಳ್ಳೆಯ, ಸ್ವಚ್ಛವಾದ, ಎಲ್ಲಿಯೂ ಹರಡದ ಕಿತ್ತಳೆ. ಇಂಥ ಮೊದಲ ಬಣ್ಣ ಎರಡು ದಿನದಲ್ಲಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕಣ್ಣಿದ್ದವರು ಯಾರಾದರೂ ನೋಡಿದ್ದರೆ ಆ ಗೆರೆಗಳ ಮುಂದೆ ಒಂದು ಕ್ಷಣ ಬಾಯಿ ಮುಚ್ಚುತ್ತಿದ್ದರು. ಅಕ್ಕ ಬಾಯಿ ತೆರೆದಳು.

"ಇದೇನೇ ಇದು? ಕ್ಯಾರೆಟ್ ತುರಿದ ಹಾಗೆ!"

"ಏರುತ್ತೆ ಅಕ್ಕಾ. ನೀರು ಸೋಕಿಸ್ಬೇಡಿ. ನಾಳೆ ಬೆಳಿಗ್ಗೆಗೆ ಇಟ್ಟಿಗೆ ಬಣ್ಣ ಬರುತ್ತೆ, ನಾಡಿದ್ದಿಗೆ—"

"ನಾಡಿದ್ದು ಯಾರಿಗೆ ತೋರಿಸ್ಲೇ? ಬೀಗಿತ್ತಿಗೆ ನಾಡಿದ್ದು ಬನ್ನಿ ಅಂತ ಹೇಳ್ಲಾ?" ಅಕ್ಕ ಮಗಳ ಕೈಯನ್ನು ಹಿಡಿದು ಟ್ಯೂಬ್‌ಲೈಟಿನ ಕೆಳಗೆ ಎಳೆದಳು, ಅಲ್ಲಿ ಬೇರೆ ಬಣ್ಣ ಇರಬಹುದು ಎಂಬಂತೆ. "ಊರೆಲ್ಲ ನಿನ್ನ ಕೈಗುಣ, ನಿನ್ನ ಕೈಗುಣ ಅಂತ ಕುಣಿಯುತ್ತೆ. ಡಾಕ್ಟರ ಸೊಸೆಗೆ ಮುನ್ನಾದಿನ ಹಚ್ಚಿದ್ದೆ, ಕಾಡಿಗೆ ಹಾಗಿತ್ತು, ನಾನೇ ಕಣ್ಣಾರೆ ನೋಡಿದೀನಿ. ನಮಗೆ ಬಂದಾಗ ಕೈಗುಣಕ್ಕೆ ಏನು ರೋಗ ಬಂತು?"

ಆಗ ಅವಳು ಹೇಳಿದಳು. ಹೇಳಬೇಕೆಂದು ನಿರ್ಧರಿಸಿ ಹೇಳಿದ್ದಲ್ಲ; ಎರಡು ವರ್ಷದಿಂದ ಹಲ್ಲಿನ ಹಿಂದೆಯೇ ಇದ್ದದ್ದು ಬಾಯಿ ತೆರೆದಾಗ ಬಿತ್ತು. ಅದು ಕೈಗುಣ ಅಲ್ಲ, ಪುಡಿ ಎಂದಳು. ಕೂದಲಿಗೆ ಹಚ್ಚುವ ಪುಡಿ. ಡಾಕ್ಟರ ಸೊಸೆಗೂ ಅದೇ. ಅಂಚೆಯವನ ಮಗಳ ಕೈ ಬೆಂದದ್ದು ಸಾಬೂನಿನಿಂದಲ್ಲ, ನನ್ನಿಂದ. ತಪ್ಪನ್ನು ಅವಳ ತಾಯಿಯ ತಲೆಗೆ ಕಟ್ಟಿದೆ. ಇನ್ನೂ ಅವರು ಹಾಗೇ ತಿಳಿದುಕೊಂಡಿದ್ದಾರೆ. ಹೇಳುತ್ತ ಹೇಳುತ್ತ ಮಂಚದ ಅಂಚನ್ನು ಹಿಡಿದುಕೊಂಡಳು. ಕೆನ್ನೆಗೆ ಬಾರಿಸಿದರೂ ಸರಿ, ಥೂ ಎಂದರೂ ಸರಿ. ಯಾರಾದರೂ ಒಬ್ಬರು ಥೂ ಎನ್ನಲಿ ಎಂದು ಇಷ್ಟು ದಿನ ಕಾದಿದ್ದೆನೆಂದು ಅವಳಿಗೆ ಈಗ ತಿಳಿಯಿತು.

ಅಕ್ಕ ಹುಬ್ಬು ಗಂಟಿಕ್ಕಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು: "ಅಂದ್ರೆ, ಪುಡಿ ಹಾಕಿದ್ರೆ ಆಗ್ತಿತ್ತು?"

"ಅಕ್ಕಾ, ನಾನು ಹೇಳಿದ್ದು ಕೇಳಿಸ್ತಾ? ಆ ಹುಡುಗಿ ಕೈ—"

"ಕೇಳಿಸ್ತು. ಡಾಕ್ಟರ ಸೊಸೆಗೆ ಹಾಕ್ದೆ. ಅವಳಿಗೇನೂ ಆಗ್ಲಿಲ್ಲ. ಕಂಡ ಕಂಡೋರ ಮಕ್ಕಳಿಗೆಲ್ಲ ಹಾಕ್ದೆ. ನನ್ನ ಮಗಳ ಸರದಿ ಬಂದಾಗ ನಿನಗೆ ಧರ್ಮ ನೆನಪಾಯ್ತು." ಅಕ್ಕನ ದನಿ ಏರಲಿಲ್ಲ, ಅದು ಇನ್ನೂ ಕೆಟ್ಟದ್ದು. "ಹೊಟ್ಟೆಕಿಚ್ಚು ಇರುತ್ತೆ, ಇಲ್ಲ ಅನ್ನಲ್ಲ. ನಿನಗೆ ಆಗದೇ ಇದ್ದ ಮದುವೆ ಇನ್ನೊಬ್ಬರಿಗೆ ಆಗ್ತಿದ್ರೆ ಯಾರಿಗಾದ್ರೂ ಇರುತ್ತೆ. ಆದ್ರೆ ಎತ್ತಿ ಆಡ್ಸಿದ ಮಗು ಮೇಲೆ ತೀರಿಸ್ಕೋತಾರೇನೇ?"

ಅವಳು ಉತ್ತರ ಹುಡುಕಿದಳು. ಹುಡುಕುವಾಗ ಇನ್ನೊಂದು ವಸ್ತು ಕೈಗೆ ಸಿಕ್ಕಿತು: ಕಿತ್ತಳೆಯ ಬಣ್ಣ ಮೊದಲು ಕಂಡಾಗ, ಅಕ್ಕ ಕೋಣೆಗೆ ಬರುವ ಮುಂಚಿನ ಆ ಅರ್ಧ ನಿಮಿಷದಲ್ಲಿ, ತನ್ನೊಳಗೆ ಎಲ್ಲೋ ಒಂದು ಸಣ್ಣ ಹಿಗ್ಗು ಆಗಿತ್ತಲ್ಲವೇ? ಆರನೆಯವಳಾಗಿ ಕರೆದೆಯಲ್ಲ, ತಗೋ ಎನ್ನುವಂಥದ್ದು? ಅಂಥದ್ದು ಇರಲಿಲ್ಲ ಎಂದು ಆಣೆ ಮಾಡಲು ಅವಳಿಂದ ಆಗಲಿಲ್ಲ. ಪುಡಿ ಹಾಕದೆ ಇದ್ದ ಒಂದೇ ಒಂದು ಸಲವೂ ಪೂರ್ತಿ ತನ್ನದಾಗಿ ಉಳಿಯಲಿಲ್ಲ.

"ಚಿಕ್ಕಿ," ಎಂದಳು ಪುಟ್ಟಿ. ಇಷ್ಟು ಹೊತ್ತು ತನ್ನ ಎರಡು ಅಂಗೈಗಳನ್ನೂ ಆಸ್ಪತ್ರೆಯಲ್ಲಿ ರೋಗಿಗೆ ತೋರಿಸುವ ಎರಡು ಹಲಗೆಗಳಂತೆ ಹಿಡಿದು ನೋಡುತ್ತಿದ್ದಳು. "ಹಾಕ್ಬಿಡು. ಏನಾದ್ರೂ ಆದ್ರೆ ಒಂದು ತಿಂಗಳು ಉರಿಯುತ್ತೆ, ಮುಲಾಮು ಹಚ್ತೀನಿ. ಇದಾದ್ರೆ ಜೀವಮಾನ ಪೂರ್ತಿ ಕೇಳ್ಬೇಕು. ಅವರ ದೊಡ್ಡ ಸೊಸೆ ಮುಖ ನೋಡಿದೀನಿ ನಾನು."

"ಆ ಗಡಿಯಾರದ ಪಟ್ಟಿ ನೆನಪಿದ್ಯಾ ನಿನಗೆ? ಇದು ಅದರ ಹತ್ತರಷ್ಟು ಪುಟ್ಟಿ. ಕಲೆ ಹೋಗಲ್ಲ."

"ಕಲೆ ನಂದಲ್ವಾ?"

"ನಾನು ಹಾಕಲ್ಲ," ಎಂದಳು ಅವಳು. ಅಕ್ಕನ ಎದುರು ಹುಟ್ಟಿದಾಗಿನಿಂದ ಇದೇ ಮೊದಲು. ಹೇಳಿದಮೇಲೆ ಕೋಣೆಯಲ್ಲಿ ತನ್ನ ದನಿ ತನಗೇ ಎತ್ತರಕ್ಕೆ ಕೇಳಿಸಿತು. ಕುರ್ಚಿಯ ಮುದುಕಿ ಕೂಡ ಕಣ್ಣು ತೆರೆದು ನೋಡಿದರು.

"ಬೇಡ ಬಿಡು. ನೀನೊಬ್ಳೇ ಹುಟ್ಟಿದೀಯಾ ಕೈ ಇಟ್ಕೊಂಡು?" ಅಕ್ಕ ಮೂಲೆಯಲ್ಲಿದ್ದ ಚೀಲವನ್ನು ಎತ್ತಿ ಮಂಚದ ಮೇಲೆ ಸುರಿದಳು. ಬಾಚಣಿಗೆ, ಬಸ್ಸಿನ ಚೀಟಿ, ಕನ್ನಡಕದ ಡಬ್ಬಿ, ಒಂದು ತಲೆನೋವಿನ ಮಾತ್ರೆ, ಪೊಟ್ಟಣ. ಎಲ್ಲರೂ ಪೊಟ್ಟಣವನ್ನು ನೋಡಿದರು. ತರದೇ ಇರಬಹುದಿತ್ತಲ್ಲ ಎಂದು ಯಾರೂ ಕೇಳಲಿಲ್ಲ; ಕೇಳಬೇಕಾದವಳು ಅವಳೊಬ್ಬಳೇ. ಅಕ್ಕ ಉಳಿದಿದ್ದ ಎರಡು ಕೋನುಗಳನ್ನು ಕತ್ತರಿಸಿ ತಟ್ಟೆಗೆ ಹಿಂಡಿ, ಪುಡಿಯನ್ನು ಅಳತೆಯಿಲ್ಲದೆ ಸುರಿದು, ಅಡಿಗೆಯ ಚಮಚದಲ್ಲಿ ಕಲಸಿ, ಪ್ಲಾಸ್ಟಿಕ್ಕಿನ ಹಾಳೆಗೆ ತುಂಬಿ ಸುತ್ತಿ, ತುದಿಯನ್ನು ಹಲ್ಲಿನಿಂದ ಕಚ್ಚಿ ತೆರೆದಳು. ಪೆಟ್ರೋಲಿನ ವಾಸನೆ ಕೋಣೆಯನ್ನು ತುಂಬಿತು. ಅವಳು ಗೋಡೆಗೆ ಒರಗಿ ನಿಂತಿದ್ದಳು. ಹೊರಟುಹೋಗಬಹುದಿತ್ತು. ಚಪ್ಪಲಿ ಹೊರಗೇ ಇತ್ತು. ಹಾಕಲ್ಲ ಎಂದು ಆಗಿತ್ತು, ಪುಡಿ ಇನ್ನೊಬ್ಬರ ಕೈಯಲ್ಲಿತ್ತು. ಬದುಕಿನಲ್ಲಿ ಒಮ್ಮೆಯಾದರೂ ಅವಳ ಪಾಲಿನ ತಪ್ಪು ಅವಳ ಕೈಬಿಟ್ಟು ಹೋಗಿತ್ತು.

ಅಕ್ಕ ಮಗಳ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಕಿರುಬೆರಳ ತುದಿಯಿಂದ, ಕಿತ್ತಳೆಯ ಗೆರೆಯ ಮೇಲೆ ಕಪ್ಪನ್ನು ಎಳೆಯಲು ಹೊರಟಳು. ಮೊದಲ ಬಳ್ಳಿ ಎರಡು ಅಂಗುಲ ಹೋಗಿ ಬದಿಗೆ ಜಾರಿತು. ಕೆಳಗಿನ ಗೆರೆ ಒಂದು ಕಡೆ, ಮೇಲಿನದು ಇನ್ನೊಂದು ಕಡೆ. ನಡುವೆ ಎರೆಹುಳದಂಥ ಒಂದು ಕಪ್ಪು ಸುರುಳಿ. "ಥತ್," ಎಂದು ಅಕ್ಕ ಸೆರಗಿನಿಂದ ಒರೆಸಿದಳು. ಒರೆಸಿದ್ದು ಹರಡಿ, ಎಲೆಯ ಐದು ನರಗಳು, ಅವಳು ಉಸಿರು ಹಿಡಿದು ಬೆಳಿಗ್ಗೆ ಎಳೆದಿದ್ದ ಐದು ಕೂದಲೆಳೆಗಳು, ಮಸಿಯೊಳಗೆ ಮುಳುಗಿದವು. ಅಕ್ಕ ಮತ್ತೆ ಶುರುಮಾಡಿದಳು, ಈ ಸಲ ಉಂಗುರಬೆರಳಿನ ವೃತ್ತದಿಂದ. ವೃತ್ತ ಮೊಟ್ಟೆಯಾಯಿತು. ಗೋಡೆಗೆ ಒರಗಿದ್ದವಳಿಗೆ ಅದನ್ನು ನೋಡಲಾಗಲಿಲ್ಲ. ಅಂಚೆಯವನ ಹೆಂಡತಿ ಮೆಟ್ಟಿಲ ಮೇಲೆ ಕೂತು ಅತ್ತಾಗ ನೋಡಲಾಗಿತ್ತು, ಎರಡು ವರ್ಷ ಗಡಿಯಾರದ ಕೆಳಗೆ ಮಲಗಲೂ ಆಗಿತ್ತು. ಈಗಿನ ಸಂಕಟ ಪುಟ್ಟಿಯ ಚರ್ಮಕ್ಕಾಗಿ ಎಂದುಕೊಳ್ಳಲು ಅವಳು ಒಂದು ಕ್ಷಣ ಪ್ರಯತ್ನಪಟ್ಟಳು. ಅಷ್ಟರಲ್ಲಿ ಅಕ್ಕನ ಕೋನು ಅಂಗೈಯ ನಡುವಿನ ಹೂವಿನ ಕಡೆ ಹೊರಟಿತು.

"ಕೊಡಿಲ್ಲಿ," ಎಂದಳು ಅವಳು.

ಅಕ್ಕ ಎದ್ದು ಜಾಗ ಬಿಟ್ಟಳು. ಅವಳು ಕನ್ನಡಕ ಹಾಕಿಕೊಂಡು, ಕೋನನ್ನು ಬಿಚ್ಚಿ ಬಿಗಿಯಾಗಿ ಮತ್ತೆ ಸುತ್ತಿ, ತುದಿಯನ್ನು ಕತ್ತರಿಯಿಂದ ಸಣ್ಣಗೆ ಓರೆಯಾಗಿ ಕತ್ತರಿಸಿ, ಪುಟ್ಟಿಯ ಕೈಯನ್ನು ದಿಂಬಿನ ಮೇಲೆ ಸರಿಯಾಗಿ ಕೂರಿಸಿದಳು. ಗೆರೆ ದಾರದ ಹಾಗೆ ಬಿತ್ತು. ಕಿತ್ತಳೆಯ ಮೇಲೆ ಕಪ್ಪು, ಆಚೆ ಈಚೆ ಒಂದು ಎಳೆಯೂ ತಪ್ಪದೆ, ತನ್ನ ನೆರಳಿನ ಮೇಲೆ ತಾನೇ ಮಲಗಿದಂತೆ. ಮೊಟ್ಟೆಯಾಗಿದ್ದ ವೃತ್ತವನ್ನು ಹೊರಗಿನಿಂದ ಇನ್ನೊಂದು ಸುತ್ತು ಹಾಕಿ ದುಂಡಗೆ ಮಾಡಿದಳು. ಕೆಟ್ಟ ಎಲೆಯನ್ನು ಪೂರ್ತಿ ತುಂಬಿ ನವಿಲಿನ ಕತ್ತನ್ನಾಗಿ ತಿರುಗಿಸಿದಳು. ಚೆನ್ನಾಗಿ ತಿರುಗಿತು. ಬೆಳಿಗ್ಗೆಯದಕ್ಕಿಂತ ಚೆನ್ನಾಗಿದೆ ಎನ್ನಿಸಿತು.

"ಇದನ್ನೇ ಆಗ್ಲೇ ಮಾಡಿದ್ರೆ ಇಷ್ಟೆಲ್ಲ ಬೇಕಿತ್ತಾ," ಎಂದಳು ಅಕ್ಕ ಹಿಂದಿನಿಂದ, ಈಗ ಮೃದುವಾಗಿ. "ಕಾಫಿ ಮಾಡ್ಲಾ ನಿನಗೆ?"

ಅವಳು ಉಸಿರು ಹಿಡಿದಿದ್ದಳು. ಎಡಗೈ ಮುಗಿದು ಬಲಗೈ ಅರ್ಧವಾಗಿತ್ತು. ಕಿಟಕಿಯ ಗಾಜಿನಲ್ಲಿ ಸಂಜೆ ಕಂದುತ್ತಿತ್ತು. ದಿಂಬಿನ ಮೇಲೆ ಪುಟ್ಟಿಯ ಹೆಬ್ಬೆರಳು ಒಮ್ಮೆ ಅದುರಿತು.

"ಚಿಕ್ಕೀ," ಎಂದಳು ಹುಡುಗಿ ಮೆಲ್ಲಗೆ, ಅಮ್ಮನಿಗೆ ಕೇಳಿಸದ ಹಾಗೆ. "ಎಡಗೈ ಸ್ವಲ್ಪ ಚುರುಚುರು ಅಂತಿದೆ."

"ಅಲ್ಲಾಡಬೇಡ," ಎಂದಳು ಅವಳು, ಕಣ್ಣೆತ್ತದೆ. "ಗೆರೆ ಕೆಡುತ್ತೆ."